ಅವಳ ಬಾಯಲ್ಲಿ ನನ್ನ ಹೆಸರು

ಕಾಯಿ ಸುಲಿಯೋ ಕೆಲಸಕ್ಕೆ ತುರುವೇಕೆರೆಗೆ ಹೊರಟು, ಕಿಬ್ಬನಹಳ್ಳಿಯಲ್ಲಿ ಬಸ್ಸು ಕಾಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು, "ನೀವು ರಂಗಸ್ವಾಮಿಯೋರು ಅಲ್ವಾ?" ಅಂದರು. ನನ್ನ ಹೆಂಡತಿ ತೀರಿಕೊಂಡ ಆಸ್ಪತ್ರೆಯ ನರ್ಸು.

"ನನ್ನ ಹೆಸರು ಹೆಂಗೆ ಗೊತ್ತವ್ವಾ?"

"ನಿಮ್ಮನೆಯೋರೇ ಹೇಳಿದ್ರಲ್ಲ."

"ಅವಳಾ? ಬುಡವ್ವ. ಮೂವತ್ತು ವರ್ಷದಲ್ಲಿ ಒಂದ್ಸಲಾನೂ ನನ್ನ ಹೆಸರೆತ್ತಿದೋಳಲ್ಲ. ಯಾರಾದ್ರೂ ಕೇಳಿದ್ರೆ ಪಕ್ಕದೋರ ಕೈಲಿ ಹೇಳಿಸೋಳು."

"ನೀವು ಔಷಧಿ ತರೋಕೆ ಹೋಗಿದ್ರಿ. ಚೀಟಿಗೆ ಗಂಡನ ಹೆಸರು ಬೇಕಿತ್ತು, ಪಕ್ಕದಲ್ಲಿ ಯಾರೂ ಇರ್ಲಿಲ್ಲ. ಕಣ್ಣು ಮುಚ್ಕೊಂಡು ಹೇಳ್ಬುಟ್ರು. ಆಮೇಲೆ ತಪ್ಪಾಯ್ತು ಅಂತ ಗಲ್ಲ ಬಡ್ಕೊಂಡ್ರು."

"ಅವಳು ಅಂದಂಗೇ ಇನ್ನೊಂದ್ಸಲ ಹೇಳವ್ವ."

ಆಯಮ್ಮ ಮೆಲ್ಲಗೆ ಹೇಳಿದರು. ಬಸ್ಸು ಬಂತು, ನಾನು ಹತ್ತಲಿಲ್ಲ.

ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತೆ ಅಂತ ನಂಬಿದ್ದಳು. ನಾನಿನ್ನೂ ಗಟ್ಟಿಯಾಗೇ ಇದೀನಿ. ಮೊದಲೇ ಕರೆಯಬಹುದಿತ್ತು.