ನೆರಳು ನೋಡಿ ಎಳೆದ ಗೆರೆ

ಅವರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಮೂವತ್ತು ವರ್ಷ ಅಡಿಪಟ್ಟಿಯ ಅಂಚಿಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ ಗೆರೆ ನೋಡಿ ನೋಡಿ ಆ ರೆಪ್ಪೆ ಪೂರ್ತಿ ಮೇಲೇಳುವುದನ್ನೇ ಬಿಟ್ಟಿತ್ತು. ಹೀಗಾಗಿ ಅವರು ಯಾರನ್ನು ನೋಡಿದರೂ, ಚಹಾ ತಂದಿಟ್ಟ ಜವಾನನನ್ನು ನೋಡಿದರೂ, ಇವನು ನೆಟ್ಟಗಿದ್ದಾನೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಹಾಗೆ ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ದಿನ ನನ್ನನ್ನೂ ಹಾಗೆಯೇ ನೋಡಿದರು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡೆ.

ಶಿಕಾರಿಪುರದ ನಮ್ಮ ಮೋಜಣಿ ಕಚೇರಿಯಲ್ಲಿ ಅವರು ಹಿರಿಯ ನಕ್ಷೆಗಾರರು. ನಾನು ಟ್ರೇಸರ್, ಅಂದರೆ ಮೂಲ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಅದರ ಗೆರೆಗಳನ್ನು ಮಸಿಯಲ್ಲಿ ಇಳಿಸಿಕೊಳ್ಳುವವಳು. ತೊಂಬತ್ತರ ದಶಕದ ಮೊದಲ ವರ್ಷಗಳು. ಕಂಪ್ಯೂಟರನ್ನು ನಾವು ಪತ್ರಿಕೆಯಲ್ಲಿ ಮಾತ್ರ ನೋಡಿದ್ದೆವು. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು, ಆ ಜಾಗವನ್ನು ಉಗುರಿನಿಂದ ಉಜ್ಜಿ ನುಣುಪು ಮಾಡಿ, ಮತ್ತೆ ಎಳೆಯಬೇಕಿತ್ತು. ಅವರ ಹೆಬ್ಬೆರಳ ಉಗುರು ಈ ಕೆಲಸಕ್ಕೆಂದೇ ಬೆಳೆದು ನಿಂತಿತ್ತು. ಅವರು ಚಹಾದ ಲೋಟವನ್ನು ಮೇಜಿನ ಮೇಲೆ ಇಟ್ಟದ್ದನ್ನು ನಾನು ನೋಡಲೇ ಇಲ್ಲ. ನೆಲದ ಮೇಲೆ, ಕುರ್ಚಿಯ ಬಲಗಾಲಿನ ಪಕ್ಕದಲ್ಲಿ ಅದರ ಜಾಗ. ಒದ್ದು ಚೆಲ್ಲಿದ ದಿನ ಬೈಗುಳ ಕುರ್ಚಿಗೆ.

ಅವರದೊಂದು ಕಾಯಿದೆ ಇತ್ತು. ಹೊಸದಾಗಿ ಬಂದವರು ಯಾರೇ ಇರಲಿ, ಮಸಿ ಪೆನ್ನು ಮುಟ್ಟುವ ಮೊದಲು ಕಚೇರಿಯ ಹಿತ್ತಲಿನಲ್ಲಿ ಒಂದು ದಿನ ಬಿಸಿಲು ಕಾಯಬೇಕು. ನೆಲ ಸಾರಿಸಿ, ನಡುವೆ ಮೊಳದುದ್ದದ ಕೋಲು ನೆಟ್ಟು, ಅದರ ಬುಡಕ್ಕೆ ದಾರ ಕಟ್ಟಿ ಸುತ್ತಲೂ ಒಂದು ವೃತ್ತ ಎಳೆಯಬೇಕು. ಬೆಳಿಗ್ಗೆ ಕೋಲಿನ ನೆರಳು ಗಿಡ್ಡವಾಗುತ್ತ ಬಂದು ಅದರ ತುದಿ ವೃತ್ತಕ್ಕೆ ಮುಟ್ಟಿದಲ್ಲಿ ಒಂದು ಮೊಳೆ. ಮಧ್ಯಾಹ್ನದ ಮೇಲೆ ಉದ್ದವಾಗುತ್ತ ಹೋಗಿ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಮೊಳೆ. ಎರಡರ ಸರಿನಡುವಿನಿಂದ ಕೋಲಿನ ಬುಡಕ್ಕೆ ದಾರ ಹಿಡಿದರೆ ಅದು ನಿಜವಾದ ಉತ್ತರ ದಕ್ಷಿಣ. ದಿಕ್ಸೂಚಿ ಅವರ ಮೇಜಿನ ಮೇಲೇ ಇತ್ತು. ಕಬ್ಬಿಣದ ಬೀರು ಕಂಡರೂ ತಿರುಗುವ ಮುಳ್ಳನ್ನು ನಂಬುವುದು ಹೇಗೆ ಎಂದು ಅದನ್ನು ಕಾಗದ ಹಾರದಂತೆ ಇಡಲು ಬಳಸುತ್ತಿದ್ದರು.

ಡಿಪ್ಲೊಮಾ ಮುಗಿಸಿ ಬಂದ ನನಗೆ ಇದೆಲ್ಲ ಬೊಂಬೆಯಾಟದ ಹಾಗೆ ಕಂಡಿತು. ಮೂಲ ಹಾಳೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಚೌಕದ ಗೆರೆಗಳು ಅಚ್ಚಾಗಿಯೇ ಇವೆಯಲ್ಲ, ಮೇಲಕ್ಕೆ ಹೋಗುವ ಗೆರೆಯೇ ಉತ್ತರವಲ್ಲವೇ ಎಂದು ಕೇಳಿದೆ. ಮರುದಿನ ಅವರು ಸಂತೆಯಿಂದ ಒಂದು ಸಿಹಿಗುಂಬಳ ತಂದು ನನ್ನ ಮೇಜಿನ ಮೇಲಿಟ್ಟರು.

“ನೋಡಮ್ಮಾ, ಭೂಮಿ ಅಂದ್ರೆ ಇದು. ಇದರ ಗೆರೆ ಎಲ್ಲಾ ಮ್ಯಾಲೆ ತೊಟ್ಟಿನ ಹತ್ರ ಕೂಡ್ತಾವೆ. ನಿನ್ನ ಕಾಗದದ ಮ್ಯಾಲಿನ ಚೌಕದ ಗೆರೆ ಎಲ್ಲಾದ್ರೂ ಕೂಡ್ತಾವಾ? ಅವು ಲೆಕ್ಕದ ಅನುಕೂಲಕ್ಕೆ ನಾವು ಎಳಕೊಂಡಿದ್ದು.”

ಹಾಳೆಯ ಎಡಬಲದ ಅಂಚಿನ ಗೆರೆ ಮಾತ್ರ ನಿಜವಾದ ಉತ್ತರಕ್ಕೆ ಹೋಗುತ್ತದೆ, ಒಳಗಿನ ಚೌಕಗಳು ಅದಕ್ಕೆ ಚೂರು ಓರೆಯಾಗಿರುತ್ತವೆ ಎಂದು ತೋರಿಸಿದರು. ನಮ್ಮ ಸೀಮೆಯಲ್ಲಿ ಆ ಓರೆ ಸುಮಾರು ಒಂದು ಡಿಗ್ರಿ. ಕುಂಬಳಕಾಯಿಯನ್ನು ಸಂಜೆ ನನಗೇ ಕೊಟ್ಟು ಕಳಿಸಿದರು. ನಮ್ಮ ಮನೆಯಲ್ಲಿ ಎರಡು ದಿನ ಅದರದೇ ಪಲ್ಯ.

ಮೂರ್ನಾಲ್ಕು ವರ್ಷದ ಮೇಲೆ ಸೊರಬ ತಾಲ್ಲೂಕಿನ ಒಂದು ಕೆಲಸ ಬಂತು. ಕ್ಯಾಸನೂರಿನ ಕಡೆ ಕಾಡಂಚಿನಲ್ಲಿ ಬಗರ್‌ಹುಕುಂ ಗದ್ದೆ ಮಾಡಿದವರು ಸಕ್ರಮಕ್ಕೆ ಅರ್ಜಿ ಹಾಕಿದ್ದರು. ಗದ್ದೆ ಕಾಡಿನ ಗಡಿಯಿಂದ ಹೊರಗಿದ್ದರೆ ಪಹಣಿಯಲ್ಲಿ ಹೆಸರು ಬರುತ್ತದೆ, ಒಳಗಿದ್ದರೆ ಬಿಟ್ಟು ಏಳಬೇಕು. ಗಡಿಕಲ್ಲುಗಳು ಯಾವತ್ತೋ ಮಾಯವಾಗಿ, ಮೂರು ಊರಿನ ಎಲ್ಲೆ ಕೂಡುವಲ್ಲಿ ಒಂದೇ ಒಂದು ಉಳಿದಿತ್ತು. ಉತ್ತರ ದಕ್ಷಿಣವಾಗಿ ಓಡುತ್ತಿದ್ದ ಗಡಿಗೆ ಆ ಕಲ್ಲು ನಟ್ಟನಡುವೆ. ಅದನ್ನೇ ಆಧಾರವಾಗಿಟ್ಟುಕೊಂಡು ಕಾಡಿನ ಹಳೆಯ ನಕ್ಷೆಯನ್ನು ನಮ್ಮ ಮೂಲ ಹಾಳೆಗೆ ಹೊಂದಿಸಿ ಗಡಿ ಇಳಿಸಬೇಕಿತ್ತು.

ಆ ಗಡಿಯ ದಕ್ಷಿಣದ ತುದಿಯಲ್ಲಿ ನಮ್ಮ ನಕ್ಷೆಗಾರರ ಒಡಹುಟ್ಟಿದ ತಂಗಿಯ ಗದ್ದೆ ಇತ್ತು. ಆಕೆಯ ಮಾವನ ಕಾಲದಿಂದ ಮಾಡಿಕೊಂಡು ಬಂದದ್ದು. ಈ ಕೆಲಸ ಬೇರೆಯವರಿಗೆ ಕೊಡಿ ಎಂದು ಇವರು ಮೊದಲೇ ಬರೆದುಕೊಟ್ಟಿದ್ದರು. ಬೇರೆ ನಕ್ಷೆಗಾರರು ಇಲ್ಲ ಎಂಬ ಷರಾದೊಂದಿಗೆ ಆ ಕಾಗದ ವಾಪಸು ಬಂತು. ಉತ್ತರದ ತುದಿಯ ಗದ್ದೆ, ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಒಬ್ಬ ಸಾಹೇಬರದು. ಅವರನ್ನು ನಾವು ಯಾರೂ ನೋಡಿರಲಿಲ್ಲ.

ನಮ್ಮ ನಕ್ಷೆಗಾರರು ಜ್ವರವೆಂದು ರಜೆ ಹಾಕಿದ ವಾರ ನಾನೇ ಕೂತು ಹೊಂದಿಸಿದೆ. ಹಳೆಯ ನಕ್ಷೆಯಲ್ಲಿ ನಿಜವಾದ ಉತ್ತರ ತೋರಿಸುವ ಬಾಣವನ್ನು, ಅಂಚಿನ ಗೆರೆಗಲ್ಲದೆ, ಕೈಗೆ ಹತ್ತಿರವಿದ್ದ ಚೌಕದ ಗೆರೆಗೆ ಕೂರಿಸಿ ಪಿನ್ನು ಚುಚ್ಚಿದೆ. ಕುಂಬಳಕಾಯಿಯ ಪಾಠ ಪಲ್ಯದೊಂದಿಗೇ ಹೋಗಿತ್ತು. ನನ್ನ ಗೆರೆಯ ಪ್ರಕಾರ ತಂಗಿಯ ಗದ್ದೆ ಕಾಡಿನಿಂದ ಹೊರಗೆ, ಕಲಾಯಿಯವರದು ಒಳಗೆ. ಅವರು ವಾಪಸು ಬರುವ ಹೊತ್ತಿಗೆ ಮಿಕ್ಕವರ ಸಹಿ ಬಿದ್ದಿತ್ತು, ಅವರದೊಂದೇ ಬಾಕಿ.

ಹಾಳೆ ಬಿಚ್ಚಿ, ಎಡಗಣ್ಣು ಮುಚ್ಚಿ, ಬಗ್ಗಿ ನೋಡಿದರು. ಮೂಲೆಮಟ್ಟ ತೆಗೆದು ಅಂಚಿನ ಗೆರೆಗಿಟ್ಟು ಇನ್ನೊಮ್ಮೆ ನೋಡಿದರು. ಇದನ್ನು ಯಾವ ಗೆರೆಗೆ ಹೊಂದಿಸಿದೆ ಎಂದು ಕೇಳಿದರು, ಹೇಳಿದೆ. ಪೆನ್ಸಿಲಿನಲ್ಲಿ ಸರಿಯಾದ ಗೆರೆ ಎಳೆದರು. ಕಲ್ಲಿನ ಹತ್ತಿರ ಎರಡೂ ಒಂದೇ. ಉತ್ತರದ ತುದಿಗೆ ಹೋಗುವಾಗ ಒಂದು ಕಡೆಗೆ ಎರಡೂವರೆ ಸರಪಳಿ, ದಕ್ಷಿಣದ ತುದಿಗೆ ಬರುವಾಗ ಇನ್ನೊಂದು ಕಡೆಗೆ ಅಷ್ಟೇ. ಸರಪಳಿಗೆ ಮೂವತ್ತಮೂರು ಅಡಿ. ಕಲಾಯಿಯವರ ಗದ್ದೆ ಹೊರಗೆ ಬಂತು. ತಂಗಿಯದು ಒಳಗೆ ಹೋಯಿತು.

ಆಮೇಲೆ ನಾನು ಆಡಿದ ಮಾತನ್ನು ಬರೆಯಲು ಇಷ್ಟವಿಲ್ಲ, ಆದರೂ ಬರೆಯುತ್ತೇನೆ. “ಒಂದು ಡಿಗ್ರಿ ಅಲ್ವಾ ಸಾರ್. ಎಲ್ಲರೂ ಸಹಿ ಹಾಕಿದಾರೆ. ಹೆಂಗೂ ನಿಮ್ಮನೆಯವರಿಗೇ ಒಳ್ಳೇದಾಗ್ತದೆ,” ಎಂದೆ.

ಅವರು ಸಿಟ್ಟಾಗಲಿಲ್ಲ. ಚಿಕ್ಕ ಕಣ್ಣು ಇನ್ನಷ್ಟು ಚಿಕ್ಕದಾಯಿತು. “ಆ ಕಡೆ ತುದೀಲಿ ಇರೋರು ಯಾರ ಮನೆಯವರಮ್ಮಾ?” ಎಂದು ಕೇಳಿ, ಬಗ್ಗಿ ಲೋಟ ಎತ್ತಿಕೊಂಡರು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷದ ಮೇಲೂ ಆ ಲೋಟದ ಸದ್ದು ನೆನಪಾದರೆ ಆಗುತ್ತದೆ.

ಕಾಗದದ ಮೇಲಿನದು ಸಾಲದೆಂದು ಅವರು ಆ ಕಲ್ಲಿನ ಹತ್ತಿರವೇ ನೆರಳು ನೋಡಲು ಹೊರಟರು. ನನ್ನನ್ನೂ ಕರೆದುಕೊಂಡು ಹೋದರು. ಚಳಿಗಾಲ, ಕಾಡಿನ ಉಣುಗು ಹುಳ ಮೈಗೆ ಹತ್ತುವ ದಿನಗಳು. ಕಾಲಿಗೆ ಎಣ್ಣೆ ಬಳಿದುಕೊಂಡು ಹೋದೆವು. ಕೋಲು ನೆಟ್ಟು, ಬೆಳಗಿನ ಮೊಳೆ ಹೊಡೆದು ಕಾಯುತ್ತಿರುವಾಗ ತಂಗಿ ಊಟದ ಕ್ಯಾರಿಯರ್ ಹಿಡಿದು ಬಂದರು. ಅಣ್ಣ ಬಂದಿದ್ದಾನೆಂದು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು.

“ಎಂತ ಮಾಡ್ತಿದೀಯ ಅಣ್ಣಯ್ಯ, ಬಿಸಿಲಲ್ಲಿ ಕೂತ್ಕಂಡು?”

“ಉತ್ತರ ಎಲ್ಲದೆ ಅಂತ ನೋಡ್ತಿದೀನಿ ಕಣೇ.”

ಅದೇನು ಓಡಿಹೋಗುತ್ತದೆಯೇ ಎಂದು ಆಕೆ ನಕ್ಕರು. ಇವರು ಒಂದು ರೊಟ್ಟಿಯನ್ನು ಬಹಳ ಹೊತ್ತು ತಿಂದರು. ಎರಡನೆಯ ಮೊಳೆ ಹೊಡೆದು, ದಾರ ಹಿಡಿದು, ದೂರದ ಒಂದು ಮತ್ತಿಮರವನ್ನು ಗುರುತು ಮಾಡಿಕೊಂಡು, ಕೈ ತೊಳೆದು ಬಂದು ತಂಗಿಯ ಎದುರು ಕೂತರು. ಗೆರೆ ಆಕೆಯ ಗದ್ದೆಯ ಆಚೆ ಬದುವಿನ ಮೇಲೆ ಹೋಗುತ್ತದೆ, ಗದ್ದೆ ಉಳಿಯುವುದಿಲ್ಲ ಎಂದು ತಾವೇ ಹೇಳಿದರು. ತಮಾಷೆಯೆಂದು ಆಕೆ ಮೊದಲು ನಂಬಲಿಲ್ಲ.

“ಗೆರೆ ಎಳೆಯೋದು ನೀನೇ ಅಲ್ಲೇನ ಅಣ್ಣಯ್ಯ?”

“ಹೌದು. ನಾನೇ.”

ಆಕೆ ಎದ್ದು ಹೋದರು. ಕ್ಯಾರಿಯರ್ ಅಲ್ಲೇ ಉಳಿಯಿತು. ಸಂಜೆ ಅದನ್ನು ತೊಳೆದು ಮನೆಗೆ ಕೊಡಲು ಹೋದರೆ ಬಾಗಿಲು ತೆರೆಯಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಶಿಕಾರಿಪುರಕ್ಕೆ ಬಂದರು. ಆವತ್ತಿನಿಂದ ಅದು ನಕ್ಷೆಯ ಬೀರುವಿನ ಮೇಲೆ ಕೂತಿತು. ಯಾರಾದರೂ ತೆಗೆಯಲು ಹೋದರೆ ಇರಲಿ ಬಿಡಿ ಎನ್ನುತ್ತಿದ್ದರು. ತಂಗಿಯ ಗದ್ದೆಯಲ್ಲಿ ಮರುವರ್ಷ ಅರಣ್ಯ ಇಲಾಖೆಯ ಅಕೇಶಿಯಾ ಸಸಿಗಳು ಬಂದವು. ಅಣ್ಣತಂಗಿ ಮಾತು ನಿಂತಿತು. ತಮ್ಮ ಮಗಳ ಮದುವೆಗೆ ಇವರು ತಾವೇ ಹೋಗಿ ಕರೆದರೂ ಆಕೆ ಬರಲಿಲ್ಲ.

ಅವರು ಮಾಡಿದ್ದು ಸರಿಯೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಾಡಿನ ಹಳೆಯ ನಕ್ಷೆಯನ್ನು ಬರೆದವನೂ ಮನುಷ್ಯನೇ, ಅವನ ಕೈ ಎಲ್ಲಿ ನಡುಗಿತ್ತೋ. ಒಂದು ಸಲ ಧೈರ್ಯ ಮಾಡಿ ಇದನ್ನೇ ಕೇಳಿದಾಗ, ಅವನ ತಪ್ಪು ಅವನಿಗಿರಲಿ, ಗೊತ್ತಿದ್ದೂ ಮಾಡುವುದು ತಮ್ಮಿಂದಾಗದು ಎಂದರು. ಕಲಾಯಿಯವರು ಒಮ್ಮೆ ನಕ್ಷೆಯ ನಕಲಿಗಾಗಿ ಕಚೇರಿಗೆ ಬಂದಿದ್ದರು. ಇವರೇ ಕೊಟ್ಟು ಕಳಿಸಿದರು. ನಡೆದದ್ದೇನೂ ಆ ಮನುಷ್ಯನಿಗೆ ತಿಳಿಯಲಿಲ್ಲ.

ನಿವೃತ್ತಿಯ ದಿನ ಹಾರ, ಶಾಲು ಮುಗಿದ ಮೇಲೆ ಬೀರುವಿನ ಮೇಲಿನ ಕ್ಯಾರಿಯರ್ ಇಳಿಸಿಕೊಂಡು ಹೋದರು. ನೆರಳಿನ ಕೋಲು ನನಗೆ ಬಂತು. ಆಮೇಲೆ ಎರಡೇ ವರ್ಷ. ಒಂದು ಸಂಕ್ರಾಂತಿ ಕಳೆದ ವಾರ ಅವರು ತೀರಿಕೊಂಡ ಸುದ್ದಿ ಬಂತು. ಯಾಕೆ ಎಂದು ಯೋಚಿಸದೆ ಕೋಲನ್ನು ಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದೆ.

ಅವರ ಹುಟ್ಟೂರಿನ ಹೊಲದಲ್ಲಿ ಮಣ್ಣು. ಅವರ ಮನೆತನದ ರೂಢಿಯಂತೆ ಉತ್ತರಕ್ಕೆ ಮುಖಮಾಡಿ ಕೂರಿಸಬೇಕು. ಹತ್ತೂವರೆಗೆ ಗುದ್ದಲಿ ಹಿಡಿದವರು ಬಂದರು. ಹಿರಿಯರೊಬ್ಬರು ಸೂರ್ಯನನ್ನು ನೋಡಿ, ಕೈ ಚಾಚಿ, ಇತ್ತ ಉತ್ತರ ಎಂದರು. ಅಷ್ಟರಲ್ಲಿ ಹೆಂಗಸರ ನಡುವೆ ಕೂತಿದ್ದ ತಂಗಿ ಎದ್ದು ಬಂದರು. ಅಲ್ಲಿಯವರೆಗೆ ಆಕೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ.

“ಅಂದಾಜಿಗೆ ಅಗಿಬ್ಯಾಡಿ,” ಎಂದರು. ನನ್ನ ಕಡೆ ತಿರುಗಿ, “ಅವತ್ತು ಬಂದಿದ್ರಲ್ಲ ನೀವು. ಅಣ್ಣಯ್ಯನ ಹಂಗೇ ಕೋಲು ನೆಟ್ಟು ನೋಡಿಕೊಡ್ರಿ,” ಎಂದರು.

ನೆಟ್ಟೆ. ಮೊದಲ ಮೊಳೆ ಹನ್ನೊಂದು ದಾಟಿದ ಮೇಲೆ, ಎರಡನೆಯದು ಒಂದೂವರೆಯ ಮೇಲೆ. ಅಷ್ಟು ಹೊತ್ತು ಊರೆಲ್ಲ ಕಾಯಿತು. ಹೊತ್ತಾಯಿತು ಎಂದು ಒಬ್ಬಿಬ್ಬರು ಗೊಣಗಿದರೂ ಆಕೆ ಕೋಲಿನ ಪಕ್ಕದಿಂದ ಕದಲಲಿಲ್ಲ. ದಾರದ ಒಂದು ತುದಿ ನಾನು ಹಿಡಿದೆ, ಇನ್ನೊಂದು ಆಕೆ ಹಿಡಿದರು. ಹಿರಿಯರು ತೋರಿಸಿದ್ದಕ್ಕೂ ಇದಕ್ಕೂ ಗೇಣಗಲ ವ್ಯತ್ಯಾಸ ಬಂತು.

ತಂಗಿ ಮಣ್ಣಿನ ಮೇಲೆ ಮಂಡಿಯೂರಿ, ಎಡಗಣ್ಣು ಮುಚ್ಚಿ, ದಾರದುದ್ದಕ್ಕೂ ನೋಡಿದರು.

“ಸರಿ ಅದೆ. ಅಗೀರಿ,” ಎಂದರು.