ದೊಡ್ಡಪ್ಪನ ಉಷ್ಣ

ಇವತ್ತು ಬೆಳಿಗ್ಗೆ ತಿಪಟೂರು ಬಸ್ ನಿಲ್ದಾಣದ ಮುಂದೆ ಎಳನೀರು ಕೊಚ್ಚುವವನು, ಹೊಟ್ಟೆ ಹಿಡಿದುಕೊಂಡಿದ್ದ ಮುದುಕರೊಬ್ಬರಿಗೆ "ಉಷ್ಣ ಕಣಜ್ಜ, ಇನ್ನೊಂದ್ ಕುಡಿ" ಎನ್ನುತ್ತಿದ್ದ. ಬೇರೆ ಯಾವುದಾದರೂ ಔಷಧಿ ತಗೊಳ್ತಿದ್ದೀರಾ ಎಂದು ಅಜ್ಜನನ್ನು ಕೇಳಬೇಕೆನಿಸಿತು. ಕೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಬಸ್ಸು ಬಂತು. ನಿಮಗೂ ಗೊತ್ತಿರಬೇಕು, ನಮ್ಮ ಸೀಮೆಯಲ್ಲಿ ಇರುವುದು ಒಂದೇ ರೋಗ, ಉಷ್ಣ; ಒಂದೇ ಮರ, ತೆಂಗು. ಹಾಗಾಗಿ ಇಲ್ಲಿ ಎಲ್ಲರೂ ವೈದ್ಯರೇ.

ಕಳೆದ ವರ್ಷ ದಂಡಿನಶಿವರದ ನನ್ನ ದೊಡ್ಡಪ್ಪನಿಗೆ ಶ್ವಾಸಕೋಶದ ಕ್ಯಾನ್ಸರಿಗೆಂದು ಇಮ್ಯುನೊಥೆರಪಿ ಶುರುವಾಯಿತು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದ್ದರು: ಇದು ಮೈಯೊಳಗಿನ ಕಾವಲುಗಾರರನ್ನು ಎಬ್ಬಿಸುವ ಔಷಧಿ, ಎದ್ದವರು ಕೆಲವೊಮ್ಮೆ ಕಳ್ಳನ ಜೊತೆಗೆ ಮನೆಯವರಿಗೂ ಬಡಿಯುತ್ತಾರೆ, ತುರಿಕೆ, ಬೇದಿ, ಉಬ್ಬಸ, ಏನು ಕಂಡರೂ ಅವತ್ತೇ ಫೋನ್ ಮಾಡಿ. ದೊಡ್ಡಪ್ಪ ಭಕ್ತಿಯಿಂದ ತಲೆಯಾಡಿಸಿದರು. ಎಪ್ಪತ್ತು ದಾಟಿದ ಕೊಬ್ಬರಿ ವ್ಯಾಪಾರಿ ತಲೆಯಾಡಿಸಿದರೆ ಒಪ್ಪಿದರು ಎಂದಲ್ಲ, ಇನ್ನು ಮಾತು ಮುಗಿಸಿ ಎಂದು.

ಮೊದಲು ತುರಿಕೆ ಬಂತು. ಕೊಬ್ಬರಿ ಎಣ್ಣೆ ಹಚ್ಚಿದರು. ಸುಸ್ತು ಬಂತು. ನೋಡಲು ಬಂದವರೆಲ್ಲ "ವಯಸ್ಸಾಯ್ತಲ್ಲ" ಎಂದರು. ವಯಸ್ಸಾದವರಿಗೆ ಬೇರೆ ಕಾಯಿಲೆ ಬರುವ ಹಕ್ಕೇ ಇಲ್ಲವೇನೋ. ಆಮೇಲೆ ಬೇದಿ. ಸಂಪಿಗೆ ಊರಿನಿಂದ ಬಂದ ಬೀಗರು ಎಳನೀರಿನ ಗೊನೆಯನ್ನೇ ತಂದಿಳಿಸಿದರು. ದೊಡ್ಡಪ್ಪ ಕುಡಿದರು, ಓಡಿದರು, ಬಂದು ಮತ್ತೆ ಕುಡಿದರು.

ನಾನು ಹೋದಾಗ ಅವರ ಕಣ್ಣು ಗುಳಿ ಬಿದ್ದಿತ್ತು. ಬೇದಿಯಲ್ಲಿ ರಕ್ತ ಹೋಗುತ್ತಿದೆ ಎಂದು ದೊಡ್ಡಮ್ಮ ಪಿಸುಗುಟ್ಟಿದರು. ನಾನು ಫೋನ್ ತೆಗೆದೆ.

"ಇಡು ಕಣ್ಲಾ ಕೆಳಗೆ" ಎಂದರು ದೊಡ್ಡಪ್ಪ. "ಹೇಳುದ್ರೆ ಔಷ್ದಿ ನಿಲ್ಲಿಸ್ಬುಡ್ತಾರೆ. ಅಟ್ಟಕ್ಕೆ ಹಾಕಿದ್ ಕಾಯ್ನ ಕೊಬ್ರಿ ಆಗೋ ಗಂಟ ಮುಟ್ಬಾರ್ದು. ಇದೂ ಅಂಗೇ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಟ್ಟದ ಕಾಯಿ ತಾನಾಗಿ ಒಣಗಲೆಂದು ತಿಂಗಳುಗಟ್ಟಲೆ ಕಾದು ರೂಢಿಯಾದವರು ಈಗ ತಮ್ಮನ್ನೇ ಒಣಗಿಸಿಕೊಳ್ಳುತ್ತಿದ್ದರು.

ದೊಡ್ಡಮ್ಮ ಬಾಗಿಲಿಂದ ಒಳಗೆ ಬಂದರು. "ಅಟ್ಟದಲ್ಲಿ ಕೊಳ್ತು ಸೋರೋ ಕಾಯ್ನ ಏನ್ ಮಾಡ್ತಿದ್ರಿ? ಕೊಬ್ರಿ ಆಗ್ಲಿ ಅಂತ ಪೂಜೆ ಮಾಡ್ತಿದ್ರಾ?"

ಸೋರುವ ಕಾಯನ್ನು ಅವತ್ತೇ ತೆಗೆಯದಿದ್ದರೆ ಸುತ್ತಲಿನವೂ ಹಾಳು. ಅದನ್ನು ಊರಿಗೆಲ್ಲ ಹೇಳಿಕೊಟ್ಟವರೇ ದೊಡ್ಡಪ್ಪ. "ಫೋನ್ ಮಾಡು ಮತ್ತೆ" ಎಂದರು, ನನ್ನ ಮುಖ ನೋಡದೆ.

ಡಾಕ್ಟರಮ್ಮ ಈಗಲೇ ಹೊರಡಿ ಎಂದರು. ಕಾವಲುಗಾರರು ಕರುಳಿನ ಮೇಲೆ ಬಿದ್ದಿದ್ದರು. ಸ್ಟೀರಾಯ್ಡ್ ಕೊಟ್ಟು ಅವರನ್ನು ಮಲಗಿಸಿದರು. ಇನ್ನೂ ತಡವಾಗಿದ್ದರೆ ಕರುಳು ತೂತಾಗಬಹುದಿತ್ತು ಎಂದರು. ದೊಡ್ಡಪ್ಪ ಹೆದರಿದ್ದಂತೆಯೇ ಇಮ್ಯುನೊಥೆರಪಿಯನ್ನೂ ನಿಲ್ಲಿಸಿದರು. ಶ್ವಾಸಕೋಶದ ಗಡ್ಡೆ ಸದ್ಯಕ್ಕೆ ಬೆಳೆದಿಲ್ಲ. 'ಸದ್ಯಕ್ಕೆ' ಎಂಬ ಮಾತನ್ನು ನಮ್ಮ ಮನೆಯಲ್ಲಿ ಈಗ ಯಾರೂ ಸುಮ್ಮಸುಮ್ಮನೆ ಆಡುವುದಿಲ್ಲ.

ಇವತ್ತು ಬಸ್ಸಿಳಿದು ಅವರ ಮನೆ ತಲುಪಿದಾಗ, ಮದುವೆಗೆ ಕರೆಯಲು ಬಂದಿದ್ದ ಗಂಡ ಹೆಂಡತಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ದೊಡ್ಡಪ್ಪ ತಮ್ಮ ಇವತ್ತಿನ ಮಲದ ಬಣ್ಣ, ಹದ ಎಲ್ಲವನ್ನೂ ವಿವರಿಸುತ್ತಿದ್ದರು. ಬಂದವರ ಕೈಯಲ್ಲಿ ಕಾಫಿ ಆರುತ್ತಿತ್ತು. ದೊಡ್ಡಮ್ಮ ಹಣೆ ಚಚ್ಚಿಕೊಂಡರು.

"ಬಾರ್ಲಾ, ನೀನೂ ಕೇಳು" ಎಂದರು ದೊಡ್ಡಪ್ಪ.

ಚಪ್ಪಲಿ ಬಿಟ್ಟು ಎದುರಿಗೆ ಕೂತೆ. ಕೊನೆಯವರೆಗೂ ಕೇಳಿಸಿಕೊಂಡೆ.