ಹೊಸ ಪ್ಯಾಂಟಿನ ಮೇಲಿಂದಲೇ

ನಮ್ಮಕ್ಕ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸು. ನಾನು ಗೋದಾಮಿನ ಗುಮಾಸ್ತ. ಧೈರ್ಯವಂತನೆಂದು ನನ್ನದೇ ಅಭಿಪ್ರಾಯ. ಕಣಜದ ಹುಳು ಕಚ್ಚಿ, ಮೈಯೆಲ್ಲ ದದ್ದೆದ್ದು, ತುಟಿ ಊದಿಕೊಂಡು ಅವಳ ವಾರ್ಡಿಗೆ ಬಂದಾಗಲೂ, "ಏನೂ ಆಗಿಲ್ಲ, ಮುಖ ತೊಳ್ಕೊಂಡು ಬರ್ತೀನಿ" ಎಂದು ಏಳಹೋದೆ. ದನಿ ಗೊಗ್ಗರಾಗಿತ್ತು.

ಅದನ್ನು ಕೇಳಿದ್ದೇ ಅಕ್ಕ ನನ್ನನ್ನು ಮಲಗಿಸಿದಳು. "ಎದ್ರೆ ಬಿಪಿ ಇಳಿದುಹೋಗುತ್ತೆ ಕಣೋ! ಡಾಕ್ಟ್ರೇ, ಗಂಟಲು ಕಟ್ತಿದೆ, ಅಡ್ರಿನಲಿನ್ ಕೊಡ್ಲಾ?"

"ಕೊಡಿ, ತಡ ಬೇಡ" ಎಂದರು ಡಾಕ್ಟರು.

ಸೂಜಿ ಪ್ಯಾಂಟಿನ ಮೇಲಿಂದಲೇ ತೊಡೆಗಿಳಿಯಿತು.

"ಅಕ್ಕಾ, ಹೊಸ ಪ್ಯಾಂಟು!"

"ಉಳಿದ್ರೆ ತಾನೇ ಹಾಕ್ಕೊಳ್ಳೋದು? ಸುಮ್ನಿರು."

ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. "ಅಲರ್ಜಿ ಮತ್ತೆ ಕೆರಳಬಹುದು, ಈಗ್ಲೇ ಮನೆಗೆ ಕಳ್ಸಲ್ಲ" ಎಂದು ಗದರಿ, ಅವಳು ಮುಂದಿನ ಮಂಚಕ್ಕೆ ಹೋದಳು.

"ಭಾರಿ ಜೋರಪ್ಪ ಆ ನರ್ಸು" ಎಂದರು ಪಕ್ಕದ ಹಾಸಿಗೆಯ ಅಜ್ಜ.

"ನಮ್ಮಕ್ಕ, ಅಜ್ಜಾ!" ಎಂದೆ, ಇಡೀ ವಾರ್ಡಿಗೆ ಕೇಳುವಂತೆ. ದನಿ ಪೂರ್ತಿ ಮರಳಿತ್ತು.